ವಿಮಾನ ನಿಲ್ದಾಣದಲ್ಲಿ ಪಂಪ್ ತೆಗೆಸುವುದಿಲ್ಲವೇ?

ನನ್ನ ಸೊಂಟದಲ್ಲಿ ಇನ್ಸುಲಿನ್ ಪಂಪ್ ಇದೆ, ಟ್ಯೂಬಿನ ಮೂಲಕ ಮೈಯೊಳಗೆ ಸ್ವಲ್ಪಸ್ವಲ್ಪವಾಗಿ ಇನ್ಸುಲಿನ್ ತಳ್ಳುವ ಪುಟ್ಟ ಯಂತ್ರ. ಎಡತೋಳಿನ ಹಿಂಬದಿಗೆ ಸಕ್ಕರೆ ಅಳೆಯುವ ಸೆನ್ಸರ್ ಅಂಟಿಕೊಂಡಿದೆ. ಎರಡನ್ನೂ ನಾನು ಮುಚ್ಚಿಡುವವಳಲ್ಲ. ಹೀಗಾಗಿ ಮದುವೆಯ ಪಂಕ್ತಿಯಲ್ಲಾಗಲಿ, ಚಿಗರಿ ಬಸ್ಸಿನಲ್ಲಾಗಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ವೈನಿ, ವಿಮಾನ ನಿಲ್ದಾಣದಲ್ಲಿ ಇದನ್ನು ತೆಗೆಸುವುದಿಲ್ಲವೇ?" ಮೊದಲೆಲ್ಲ ಇದು ಬರೀ ಕುತೂಹಲದ ಪ್ರಶ್ನೆಯಾಗಿತ್ತು. ಈಗ ಕೇಳುವವರಲ್ಲಿ ಮಗಳಿಗೆ ಹೊಸದಾಗಿ ಪಂಪ್ ಹಾಕಿಸಿದ ತಾಯಿ ಇರುತ್ತಾರೆ, ಸೆನ್ಸರ್ ಅಂಟಿಸಿಕೊಂಡು ಅಮೆರಿಕದ ಮಗನ ಮನೆಗೆ ಹೊರಟ ಕಾಕಾ ಇರುತ್ತಾರೆ. ನಿಂತ ನಿಲುವಿನಲ್ಲಿ ಹೇಳಿದ ಉತ್ತರ ಅವರಿಗೆ ಸಾಲುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಸಾಮಾನ್ಯವಾಗಿ ಯಾರೂ ತೆಗೆಸುವುದಿಲ್ಲ. ನಾವೇ ತೆಗೆದುಕೊಡುತ್ತೇವೆ. ತೊಂದರೆ ಇರುವುದೇ ಅಲ್ಲಿ.

ಸಮವಸ್ತ್ರ ಕಂಡರೆ ನಮ್ಮ ಕಡೆಯವರ ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ. ಮುಂದಿನವರು ಗಡಿಯಾರ ಬಿಚ್ಚಿ, ಮೊಬೈಲ್ ತೆಗೆದು ಟ್ರೇಯಲ್ಲಿಡುತ್ತಿದ್ದರೆ ನಾವೂ ಮೈಮೇಲೆ ಕಳಚಲು ಬರುವುದನ್ನೆಲ್ಲ ಕಳಚಿಡುತ್ತೇವೆ, ಯಾರೂ ಕೇಳದಿದ್ದರೂ. ಹಿಂದೆ ಸಾಲು ಬೆಳೆದಿರುತ್ತದೆ, ನಮ್ಮಿಂದ ಇನ್ನೊಬ್ಬರಿಗೆ ತಡವಾಯಿತಲ್ಲ ಎಂಬ ಸಂಕೋಚ ಬೇರೆ. ಗದಗಿನ ಕಡೆಯ ನಮ್ಮ ಬಳಗದ ಹುಡುಗನೊಬ್ಬ ಹೀಗೆಯೇ ಪಂಪ್ ಬಿಚ್ಚಿ, ಪರ್ಸಿನ ಪಕ್ಕದಲ್ಲಿಟ್ಟು, ಎಕ್ಸ್-ರೇ ಯಂತ್ರದ ಬೆಲ್ಟಿನ ಮೇಲೆ ಕಳುಹಿಸಿದ. ಯಾಕಪ್ಪಾ ಎಂದು ಕೇಳಿದರೆ, "ಅವರು ಏನೂ ಅನ್ನಲಿಲ್ಲ ಅಕ್ಕಾ, ನಾನೇ ಇಟ್ಟೆ" ಎಂದ. ಪುಣ್ಯಕ್ಕೆ ಪಂಪ್ ಕೆಟ್ಟಂತೆ ಕಾಣಲಿಲ್ಲ. ಆದರೆ ಅದು ಇನ್ಸುಲಿನ್ ಸರಿಯಾಗಿ ಕೊಡುತ್ತಿದೆಯೋ ಇಲ್ಲವೋ ಎಂಬ ಅನುಮಾನಕ್ಕೆ ಹುಡುಗ ಬಹಳ ದಿನ ಬೆರಳು ಚುಚ್ಚಿ ಸಕ್ಕರೆ ನೋಡಿಕೊಳ್ಳುತ್ತಲೇ ಇದ್ದ.

ಅನುಮಾನ ಯಾಕೆ ಸಣ್ಣದಲ್ಲ ಎಂಬುದು ಲೆಕ್ಕ ನೋಡಿದರೆ ತಿಳಿಯುತ್ತದೆ. ಪಂಪಿನಲ್ಲಿ ಸಾಮಾನ್ಯವಾಗಿ ಬಳಸುವ ಇನ್ಸುಲಿನ್‌ನಲ್ಲಿ ಒಂದು ಮಿಲಿಲೀಟರಿಗೆ 100 ಯೂನಿಟ್. ಗಂಟೆಗೆ ಅರ್ಧ ಯೂನಿಟ್ ಬೇಕಾದವರಿಗೆ ಪಂಪ್ ಆ ಒಂದು ಗಂಟೆಯಲ್ಲಿ ತಳ್ಳಬೇಕಾದದ್ದು 0.005 ಮಿಲಿಲೀಟರ್; ಅದನ್ನೂ ಒಂದೇ ಸಲಕ್ಕೆ ತಳ್ಳದೆ ಕೆಲವು ನಿಮಿಷಗಳಿಗೊಮ್ಮೆ ಹಂಚಿ ಹಂಚಿ ತಳ್ಳಬೇಕು. ಅಷ್ಟು ಸೂಕ್ಷ್ಮವಾಗಿ ಸರಿಯುವ ಮೋಟಾರು, ಅದನ್ನು ನಡೆಸುವ ವಿದ್ಯುನ್ಮಾನ ಭಾಗಗಳು ಆ ಪುಟ್ಟ ಪೆಟ್ಟಿಗೆಯೊಳಗಿವೆ. ಪಂಪಿನಲ್ಲಿ ತುಂಬುವುದು ಬೇಗ ಕೆಲಸ ಮಾಡಿ ಬೇಗ ಮುಗಿಯುವ ಇನ್ಸುಲಿನ್ ಮಾತ್ರ. ಟೈಪ್ 1 ಮಧುಮೇಹ ಇರುವ ನಮ್ಮಂಥವರ ದೇಹ ಸ್ವಂತ ಇನ್ಸುಲಿನ್ ತಯಾರಿಸುವುದಿಲ್ಲವಾದ್ದರಿಂದ ಪಂಪ್ ಕೆಲವು ಗಂಟೆ ನಿಂತರೆ ಸಕ್ಕರೆ ಏರುತ್ತದೆ, ರಕ್ತದಲ್ಲಿ ಕೀಟೋನ್ ಎಂಬ ಆಮ್ಲೀಯ ಅಂಶ ಸೇರತೊಡಗುತ್ತದೆ, ಆಸ್ಪತ್ರೆಯ ದಾರಿ ಹಿಡಿಯಬೇಕಾಗುತ್ತದೆ. ಬೆಲೆಯಂತೂ ಲಕ್ಷಗಳಲ್ಲಿದೆ. ಇಂಥದ್ದನ್ನು ಚಪ್ಪಲಿಯ ಜೊತೆ ಟ್ರೇಗೆ ಹಾಕುವುದೆಂದರೆ ನನಗೆ ಮೈ ಉರಿಯುತ್ತದೆ.

ತಪಾಸಣೆಯ ಜಾಗದಲ್ಲಿರುವ ಯಂತ್ರಗಳೆಲ್ಲ ಒಂದೇ ಎಂದು ಬಹಳ ಜನ ತಿಳಿದಿದ್ದಾರೆ. ನಾವು ಹಾದುಹೋಗುವ ಬಾಗಿಲಿನ ಚೌಕಟ್ಟು ಬರೀ ಲೋಹ ಹುಡುಕುತ್ತದೆ. ಸಿಬ್ಬಂದಿಯ ಕೈಯಲ್ಲಿರುವ ದಂಡವೂ ಅಷ್ಟೇ. ಪಂಪ್ ಮತ್ತು ಸೆನ್ಸರ್ ತಯಾರಕರು ಸಾಮಾನ್ಯವಾಗಿ ಇವೆರಡಕ್ಕೆ ಅಡ್ಡಿ ಹೇಳುವುದಿಲ್ಲ. ಚೀಲಗಳನ್ನು ನುಂಗಿ ಆಚೆ ಉಗುಳುವ ಬೆಲ್ಟಿನ ಯಂತ್ರ ಎಕ್ಸ್-ರೇಯದು. ಮೂರನೆಯದು ಗೂಡಿನಂಥ ಜಾಗದಲ್ಲಿ ಕೈ ಮೇಲೆತ್ತಿ ನಿಲ್ಲಿಸುವ ಇಡೀ ದೇಹದ ಸ್ಕ್ಯಾನರ್. ವಿದೇಶಗಳ ದೊಡ್ಡ ನಿಲ್ದಾಣಗಳಲ್ಲಿ ಸಾಮಾನ್ಯವಾಗಿ ಕಾಣುವಂಥದ್ದು. ಅದರಲ್ಲಿ ಹೆಚ್ಚಾಗಿ ಬಳಸುವುದು ಮಿಲಿಮೀಟರ್ ತರಂಗಗಳನ್ನು. ಮನುಷ್ಯರಿಗೆ ಅದರಿಂದ ಅಪಾಯವಿಲ್ಲ. ಆದರೂ ಮೆಡ್‌ಟ್ರಾನಿಕ್, ಟ್ಯಾಂಡಮ್‌ನಂಥ ಟ್ಯೂಬ್ ಇರುವ ಪಂಪುಗಳ ತಯಾರಕರು ಎಕ್ಸ್-ರೇ ಬೆಲ್ಟ್ ಮತ್ತು ದೇಹದ ಸ್ಕ್ಯಾನರ್ ಎರಡರಿಂದಲೂ ಪಂಪನ್ನು ದೂರವಿಡಿ ಎನ್ನುತ್ತಾರೆ. ಟ್ಯೂಬ್ ಇಲ್ಲದೆ ಮೈಗೇ ಅಂಟುವ ಆಮ್ನಿಪಾಡ್‌ನ ತಯಾರಕರು ವಿಮಾನ ನಿಲ್ದಾಣದ ಎಕ್ಸ್-ರೇ ನಡೆಯುತ್ತದೆ ಎನ್ನುತ್ತಾರೆ. ಸೆನ್ಸರುಗಳಲ್ಲೂ ಹೀಗೆಯೇ, ಮಾದರಿಗೊಂದು ಮಾತು. ಆದ್ದರಿಂದ ನನ್ನದನ್ನು ನೋಡಿ ನಿಮ್ಮದನ್ನು ನಿರ್ಧರಿಸಬೇಡಿ. ಪೆಟ್ಟಿಗೆಯ ಜೊತೆ ಬಂದ ಪುಸ್ತಿಕೆಯನ್ನು ಅಟ್ಟದಿಂದ ಇಳಿಸಿ, ಪ್ರಯಾಣದ ಪುಟ ತೆರೆದು, ಅದರ ಚಿತ್ರವನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಿ.

ಸೆನ್ಸರ್ ಬಗ್ಗೆ ಒಂದು ಮಾತು ಬಿಟ್ಟುಹೋಗಬಾರದು. ಪಂಪಿನ ಟ್ಯೂಬನ್ನು ಬಿಡಿಸಿ ಮತ್ತೆ ಜೋಡಿಸಬಹುದು; ಸೆನ್ಸರ್ ಹಾಗಲ್ಲ. ಚರ್ಮದಿಂದ ಒಮ್ಮೆ ಕಿತ್ತರೆ ಅದರ ಆಯುಷ್ಯ ಮುಗಿಯಿತು. ಹತ್ತು ಹದಿನೈದು ದಿನ ಬಾಳಬೇಕಾದ, ಸಾವಿರಗಟ್ಟಲೆ ಕೊಟ್ಟು ತಂದದ್ದು ಕಸದ ಬುಟ್ಟಿಗೆ. ಯಾರಾದರೂ "ಅದನ್ನೂ ತೆಗೆಯಿರಿ" ಎಂದರೆ ಇದೇ ಕಾರಣ ಹೇಳಿ, ಕೈಯಿಂದ ತಪಾಸಣೆ ಮಾಡಲು ಕೇಳಿ.

ಪೇಸ್‌ಮೇಕರ್ ಇರುವ ಹಿರಿಯರ ಸಂಗತಿ ಬೇರೆ. ಅವರು ಯಂತ್ರದ ಗುರುತಿನ ಚೀಟಿ ತೋರಿಸಿ, ಕೈದಂಡವನ್ನು ಎದೆಯ ಮೇಲೆ ಹಿಡಿದು ನಿಲ್ಲಿಸಬೇಡಿ ಎಂದು ಹೇಳಿದರೆ ಸಾಕು.

ಇನ್ನು ಹೇಳುವುದು ಹೇಗೆ ಎಂಬುದು. ನನ್ನ ಅಭಿಪ್ರಾಯದಲ್ಲಿ ಇಡೀ ವಿಷಯದ ಮುಕ್ಕಾಲು ಪಾಲು ಇದರಲ್ಲೇ ಇದೆ. ಬಾಗಿಲು ಕೂಗುವ ಮೊದಲೇ ನಾವು ಬಾಯಿ ಬಿಡಬೇಕು. ಕೂಗಿದ ಮೇಲೆ ಹೇಳಿದರೆ ಅದು ಸಮಜಾಯಿಷಿಯಂತೆ ಕೇಳಿಸುತ್ತದೆ. ಮೊದಲೇ ಹೇಳಿದರೆ ಮಾಹಿತಿ. ಹುಬ್ಬಳ್ಳಿಯ ಗೋಕುಲ ರಸ್ತೆಯ ನಮ್ಮ ವಿಮಾನ ನಿಲ್ದಾಣ ಚಿಕ್ಕದು, ಕೇಳಿಸಿಕೊಳ್ಳಲು ಎದುರಿನವರಿಗೆ ಪುರುಸೊತ್ತಿರುತ್ತದೆ. "ಇದು ಇನ್ಸುಲಿನ್ ಪಂಪ್, ಮೈಗೆ ಜೋಡಿಸಿದೆ, ಎಕ್ಸ್-ರೇಗೆ ಹಾಕುವಂತಿಲ್ಲ, ಕೈಯಿಂದ ತಪಾಸಣೆ ಮಾಡಿ" ಎಂದು ನಾನು ಹೇಳುವುದು ಇಷ್ಟೇ. ಬೆಂಗಳೂರಿನಲ್ಲಿ ಸಿಐಎಸ್‌ಎಫ್ ಸಿಬ್ಬಂದಿಯ ಜೊತೆ ಹಿಂದಿಯಲ್ಲಿ ಹೇಳಬೇಕಾಗಿ ಬಂದರೆ "ಶುಗರ್ ಕಾ ಮಶೀನ್ ಹೈ, ಎಕ್ಸ್-ರೇ ಮೇ ನಹೀ ಜಾಯೇಗಾ" ಎನ್ನುತ್ತೇನೆ. ವ್ಯಾಕರಣ ಹೇಗಿದ್ದರೂ ಶುಗರ್ ಎಂದ ಕೂಡಲೇ ಎದುರಿನವರ ಮುಖ ಸಡಿಲವಾಗುತ್ತದೆ. ಮನೆಯಲ್ಲಿ ಶುಗರ್ ಇಲ್ಲದವರು ಈ ದೇಶದಲ್ಲಿ ಎಷ್ಟು ಜನ?

ಹೆಂಗಸರಿಗೆ ಪರದೆ ಕಟ್ಟಿದ ಪ್ರತ್ಯೇಕ ಜಾಗವಿರುತ್ತದೆ. ಮಹಿಳಾ ಸಿಬ್ಬಂದಿಯೇ ತಪಾಸಣೆ ಮಾಡುತ್ತಾರೆ. ಸೀರೆ ಉಟ್ಟವರು ಪಂಪನ್ನು ಎಲ್ಲಿ ಸಿಕ್ಕಿಸಿಕೊಳ್ಳಬೇಕು ಎಂಬುದಕ್ಕೆ ಯಾವ ಪುಸ್ತಿಕೆಯಲ್ಲೂ ಉತ್ತರವಿಲ್ಲ. ಕಂಪನಿಯವರು ಕೊಡುವ ಕ್ಲಿಪ್ಪು ಪ್ಯಾಂಟಿನ ಬೆಲ್ಟಿಗೆಂದೇ ಮಾಡಿದ್ದು, ಲಂಗದ ಲಾಡಿಗೆ ಸಿಕ್ಕಿಸಿದರೆ ನಾಲ್ಕು ಹೆಜ್ಜೆಗೆ ಜಾರುತ್ತದೆ. ಗುಳೇದಗುಡ್ಡದ ಖಣದ ತುಂಡಿನಲ್ಲಿ ನಾನೊಂದು ಸಣ್ಣ ಚೀಲ ಹೊಲಿಸಿಕೊಂಡಿದ್ದೇನೆ. ಒಳಗೆ ಮೆತ್ತನೆಯ ಹತ್ತಿಬಟ್ಟೆ, ಮೂಲೆಯಲ್ಲಿ ಟ್ಯೂಬ್ ಹೊರಬರಲು ಗುಂಡಿಯ ಕಾಜಾದಷ್ಟು ಕಿಂಡಿ, ಹಿಂದೆ ಲಾಡಿ ತೂರಿಸಲು ಪಟ್ಟಿ. ಸೆರಗು ಸರಿಸಿದರೆ ಕೈಗೆ ಸಿಗುತ್ತದೆ. ತಪಾಸಣೆಯಲ್ಲಿ ನಾನೇ ಪಂಪನ್ನು ಹೊರಗೆಳೆದು, ಟ್ಯೂಬ್ ಹೊಟ್ಟೆಯವರೆಗೆ ಹೋಗಿರುವುದನ್ನು ತೋರಿಸುತ್ತೇನೆ. ಟ್ಯೂಬ್ ಕಂಡ ಮೇಲೆ "ತೆಗೆದುಕೊಡಿ" ಎನ್ನುವವರು ಕಡಿಮೆ. ಒಬ್ಬಾಕೆ ಮಾತ್ರ ಪಂಪ್ ಬಿಟ್ಟು ಚೀಲವನ್ನೇ ತಿರುಗಿಸಿ ಮುರುಗಿಸಿ ನೋಡಿ, ಈ ಬಟ್ಟೆ ಎಲ್ಲಿ ಸಿಗುತ್ತದೆ ಎಂದು ಕೇಳಿದರು.

ಕೆಲವೆಡೆ ಪಂಪನ್ನು ಅಂಗೈಯಲ್ಲಿ ಉಜ್ಜಿಕೊಳ್ಳಲು ಹೇಳಿ, ಆ ಅಂಗೈಯನ್ನು ಚಿಕ್ಕದೊಂದು ಪಟ್ಟಿಯಿಂದ ಒರೆಸಿ ಯಂತ್ರಕ್ಕೆ ಹಾಕುತ್ತಾರೆ. ಸ್ಫೋಟಕದ ಅಂಶವಿದೆಯೇ ಎಂದು ನೋಡುವ ಪರೀಕ್ಷೆ ಅದು. ಗಾಬರಿಯಾಗಬೇಡಿ. ಗ್ಲಿಸರಿನ್ ಇರುವ ಕ್ರೀಮು ಹಚ್ಚಿಕೊಂಡು ಹೋದರೆ ಆ ಯಂತ್ರ ಸುಮ್ಮಸುಮ್ಮನೆ ಕೂಗುವುದುಂಟು. ಅವತ್ತೊಂದು ದಿನ ಕೈ ಒಣಗಿದ್ದರೂ ನಡೆಯುತ್ತದೆ.

ವೈದ್ಯರ ಪತ್ರ ಬೇಕೇ ಎಂದು ಕೇಳುತ್ತಾರೆ. ಬೇಕು, ಆದರೆ ಔಷಧ ಚೀಟಿಯನ್ನೇ ಪತ್ರ ಎಂದುಕೊಳ್ಳಬೇಡಿ. ಆ ಬರಹ ಮೆಡಿಕಲ್ ಅಂಗಡಿಯವರಿಗೆ ಬಿಟ್ಟರೆ ಬೇರೆಯವರಿಗೆ ಅರ್ಥವಾಗುವಂಥದ್ದಲ್ಲ. ವೈದ್ಯರ ಲೆಟರ್‌ಹೆಡ್‌ನಲ್ಲಿ ಟೈಪ್ ಮಾಡಿಸಿ, ನೋಂದಣಿ ಸಂಖ್ಯೆ, ಸಹಿ, ಮೊಹರು ಹಾಕಿಸಿ. ಹೆಸರು ಗುರುತಿನ ಚೀಟಿಯಲ್ಲಿ ಇರುವಂತೆಯೇ ಇರಲಿ. ಮನೆಯಲ್ಲಿ ಕರೆಯುವ ಹೆಸರನ್ನು ಕ್ಲಿನಿಕ್ಕಿನಲ್ಲಿ ಬರೆಸಿರುವವರು ನಮ್ಮಲ್ಲಿ ಬಹಳ. ಪಂಪ್, ಸೆನ್ಸರ್, ಸೂಜಿ, ಸಿರಿಂಜು, ಇನ್ಸುಲಿನ್ ಎಲ್ಲವನ್ನೂ ಪತ್ರದಲ್ಲಿ ಹೆಸರಿಸಿರಬೇಕು, ಪಂಪನ್ನು ಎಕ್ಸ್-ರೇಗೆ ಒಡ್ಡಬಾರದು ಎಂಬ ಸಾಲೂ ಇರಬೇಕು. ಪ್ರತಿ ಸಲ ಯಾರೂ ಕೇಳುವುದಿಲ್ಲ. ಕೇಳಿದ ದಿನ ಕೈಯಲ್ಲಿರಬೇಕು ಅಷ್ಟೇ.

ಇನ್ಸುಲಿನ್ ಮಾತ್ರ ಯಾವ ಕಾರಣಕ್ಕೂ ದೊಡ್ಡ ಸೂಟ್‌ಕೇಸಿನಲ್ಲಿ ಹೋಗಬಾರದು. ವಿಮಾನದ ಹೊಟ್ಟೆಯಲ್ಲಿ ಚಳಿಗೆ ಗಡ್ಡೆ ಕಟ್ಟಿದರೆ ಅದು ಮತ್ತೆ ಕರಗಿದರೂ ಉಪಯೋಗಕ್ಕಿಲ್ಲ, ನೋಡಲು ಮೊದಲಿನಂತೆಯೇ ಇದ್ದರೂ. ಸೂಟ್‌ಕೇಸು ಕಳೆದುಹೋದರಂತೂ ಮುಗಿಯಿತು. ಕೈಚೀಲದಲ್ಲೇ ಇಡಿ, ಬೇಕಾದದ್ದಕ್ಕಿಂತ ಇಮ್ಮಡಿ ಇಡಿ, ಪಂಪ್ ಕೈಕೊಟ್ಟರೆ ಇರಲಿ ಎಂದು ಸಿರಿಂಜನ್ನೂ ಇಡಿ. ಇನ್ಸುಲಿನ್ ಸೀಸೆ ಬೆಲ್ಟಿನ ಎಕ್ಸ್-ರೇಯಲ್ಲಿ ಒಂದೆರಡು ಸಲ ಹಾದರೆ ಕೆಡುವುದಿಲ್ಲ. ಅದಕ್ಕೂ ಪಂಪಿನ ನಿಯಮ ಹಚ್ಚಿ ಜಗಳ ತೆಗೆಯುವುದು ಬೇಡ. ಅಂತರರಾಷ್ಟ್ರೀಯ ವಿಮಾನಗಳಲ್ಲಿ ದ್ರವಕ್ಕಿರುವ 100 ಮಿಲಿಲೀಟರ್ ಮಿತಿಯಿಂದ ಪ್ರಯಾಣಕ್ಕೆ ಬೇಕಾದ ಔಷಧಕ್ಕೆ ವಿನಾಯಿತಿ ಇದೆ, ಬೇರೆ ತೆಗೆದಿಟ್ಟು ತೋರಿಸಬೇಕು.

ಸಕ್ಕರೆ ಕುಸಿದಾಗ ಬಾಯಿಗೆ ಹಾಕಿಕೊಳ್ಳಲು ಹಣ್ಣಿನ ರಸದ ಡಬ್ಬಿ ಒಯ್ದರೆ ಅದರ ಬಗ್ಗೆ ವಿವರಣೆ ಕೊಡಬೇಕಾಗುತ್ತದೆ, ಗ್ಲೂಕೋಸ್ ಪುಡಿಯ ಬಗ್ಗೆಯೂ ಅಷ್ಟೇ. ಗ್ಲೂಕೋಸ್ ಮಾತ್ರೆ ಅಥವಾ ಗಟ್ಟಿ ಪೆಪ್ಪರ್‌ಮಿಂಟಿಗೆ ಯಾರ ತಕರಾರೂ ಇಲ್ಲ. ಧಾರವಾಡದವರು ಎಲ್ಲಿಗೆ ಹೋದರೂ ಪೇಡೆ ಒಯ್ಯುತ್ತೇವಲ್ಲ, ಅದು ಸಾಕಲ್ಲವೇ ಎಂದರೆ, ಸಾಲದು. ಪೇಡೆಯಲ್ಲಿ ಹಾಲಿನ ಕೊಬ್ಬು ಇರುವುದರಿಂದ ಅದರ ಸಕ್ಕರೆ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಕೈಕಾಲು ನಡುಗುವ ಹೊತ್ತಿಗೆ ಅಷ್ಟು ಕಾಯುವ ತಾಳ್ಮೆ ದೇಹಕ್ಕಿರುವುದಿಲ್ಲ. ಪೇಡೆ ನೆಂಟರಿಗಿರಲಿ.

ಈ ಪೆಪ್ಪರ್‌ಮಿಂಟು ರೈಲಿಗೂ ಬೇಕು. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದದ್ದು, 2023ರ ಮಾರ್ಚಿನಲ್ಲಿ ಉದ್ಘಾಟನೆಯಾದಾಗಿನಿಂದ ಜಗತ್ತಿಗೇ ಉದ್ದ ಎಂದು ಹೆಮ್ಮೆಪಡುತ್ತೇವೆ. ಊಟಕ್ಕೆ ಮೊದಲು ಚೀಲ ಹೊತ್ತು ಅದರ ಆ ತುದಿಯ ಬೋಗಿಗೆ ಓಡಿ ನೋಡಿ, ಸಕ್ಕರೆ ಎಷ್ಟು ಇಳಿಯುತ್ತದೆಂದು ಸೆನ್ಸರ್ ಹೇಳುತ್ತದೆ. ರೈಲಿನಲ್ಲಿ ಮೈಮೇಲಿನ ಪಂಪನ್ನು ಯಾರೂ ಕೇಳುವುದಿಲ್ಲ. ಎಚ್ಚರ ಬೇಕಾದದ್ದು ಬೆಂಗಳೂರಿನಲ್ಲಿ ಇಳಿದು ಮೆಟ್ರೋ ಹತ್ತುವಾಗ. ಅಲ್ಲಿ ಚೀಲ ಬೆಲ್ಟಿನ ಮೇಲೆ ಹೋಗಲೇಬೇಕು. ಬದಲಿ ಪಂಪ್ ಚೀಲದಲ್ಲಿದ್ದರೆ ಮೊದಲೇ ತೆಗೆದು ಕೈಯಲ್ಲಿ ಹಿಡಿದುಕೊಳ್ಳಿ.

ಅಮೆರಿಕಕ್ಕೆ ಹೊರಟ ಕಾಕಾ ಅವರಿಗೆ ಎರಡು ಮಾತು. ಅಲ್ಲಿನ ನಿಲ್ದಾಣಗಳ ತಪಾಸಣೆ ನೋಡಿಕೊಳ್ಳುವುದು ಟಿಎಸ್‌ಎ. ದೇಹದ ಸ್ಕ್ಯಾನರ್ ಬೇಡ, ಕೈಯಿಂದ ತಪಾಸಣೆ ಮಾಡಿ ಎಂದು ಕೇಳುವ ಅವಕಾಶ ಪ್ರಯಾಣಿಕರಿಗೆ ಅಲ್ಲಿದೆ. ಪ್ರಯಾಣಕ್ಕೆ 72 ಗಂಟೆ ಮೊದಲು ಅವರ ಸಹಾಯವಾಣಿಗೆ ತಿಳಿಸಿದರೆ ನೆರವಿಗೆ ವ್ಯವಸ್ಥೆ ಮಾಡುತ್ತಾರೆ. ಮಗನಿಂದಲೇ ಈ ಕರೆ ಮಾಡಿಸಿ. ವಿಮಾನದಲ್ಲಿ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿದ ಮೇಲೆ ಬ್ಲೂಟೂತ್ ಮತ್ತೆ ಹಚ್ಚಿಕೊಳ್ಳಿ, ಇಲ್ಲವಾದರೆ ಸೆನ್ಸರಿನ ಅಂಕಿ ಮೊಬೈಲಿಗೆ ಬರುವುದಿಲ್ಲ.

ಪಂಪ್ ಇರುವವರು ವಿಮಾನ ಮೇಲೇರಿದ ಮೇಲೆ ಟ್ಯೂಬಿನಲ್ಲಿ ಗಾಳಿಗುಳ್ಳೆ ಇದೆಯೇ ನೋಡಬೇಕು. ಕ್ಯಾಬಿನ್ನಿನ ಗಾಳಿಯ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದಲ್ಲಿರುವಷ್ಟಕ್ಕೆ ಇಳಿಯುವುದರಿಂದ ಗುಳ್ಳೆಗಳು ಹಿಗ್ಗಿ ಸ್ವಲ್ಪ ಹೆಚ್ಚಿನ ಇನ್ಸುಲಿನ್ ಒಳಗೆ ತಳ್ಳಬಹುದು. ದೊಡ್ಡವರಿಗೆ ಅದು ಅಷ್ಟು ತಿಳಿಯದು, ದಿನಕ್ಕೆ ಕೆಲವೇ ಯೂನಿಟ್ ಬೇಕಾದ ಮಕ್ಕಳಿಗೆ ತಿಳಿಯುತ್ತದೆ. ಇಳಿದ ಮೇಲೆ ಪಂಪಿನ ಗಡಿಯಾರ ಬದಲಿಸಬೇಕು. ಅದು ಮೊಬೈಲಿನಂತೆ ತಾನಾಗಿ ಬದಲಾಗುತ್ತದೆಂದು ನಂಬಿ ಕೂರಬೇಡಿ. ಬೆಳಗಿನ ಜಾವಕ್ಕೆಂದು ಹೊಂದಿಸಿದ ಪ್ರಮಾಣ ಅಲ್ಲಿನ ಸಂಜೆಗೆ ಬಂದು ಬಿದ್ದರೆ ಎಡವಟ್ಟು. ಯಾವ ಹೊತ್ತಿಗೆ, ಎಷ್ಟೆಷ್ಟಾಗಿ ಬದಲಿಸಬೇಕು ಎಂಬುದನ್ನು ಟಿಕೆಟ್ ಕೈಗೆ ಬಂದ ವಾರವೇ ನಿಮ್ಮ ವೈದ್ಯರ ಹತ್ತಿರ ಬರೆಸಿಕೊಂಡು, ಆ ಪತ್ರದ ಜೊತೆಗೇ ಇಟ್ಟುಕೊಳ್ಳಿ.