ಡಿಕ್ಕಿಯಲ್ಲಿ ಸಿಲಿಂಡರ್, ಮಡಿಲಲ್ಲಿ ಚಕ್ರ

ದಸರಾ ರಜೆಯಲ್ಲಿ ಮೂರು ದಿನ ತುಮಕೂರಿನ ಹತ್ತಿರದ ದೇವರಾಯನದುರ್ಗದಲ್ಲಿ ಇದ್ದು ಬರೋಣ ಅಂದಾಗ ನನ್ನ ಹೆಂಡತಿ ಕೇಳಿದ್ದು ಒಂದೇ ಮಾತು: "ಸೈಕಲ್ಲೂ ಬರ್ತೈತೇನ್ರೀ?" ಬರುತ್ತೆ ಅಂದೆ. ಆ ಬೆಟ್ಟದ ರಸ್ತೆಯನ್ನು ಕಾರಿನ ಕಿಟಕಿಯಿಂದ ಎರಡು ಸಲ ನೋಡಿದ್ದೆ. ಸುಮಾರು 1,200 ಮೀಟರ್ ಎತ್ತರ, ಎರಡೂ ಕಡೆ ಕಾಡು, ತಿರುವಿನ ಮೇಲೆ ತಿರುವು. ಈ ಸಲ ನನ್ನ ಸೈಕಲ್ಲಲ್ಲೇ ಹತ್ತಬೇಕು ಅಂತ ವರ್ಷದಿಂದ ಮನಸ್ಸಿನಲ್ಲಿತ್ತು.

ದಾವಣಗೆರೆಯ ಸೈಕಲ್ ಅಂಗಡಿಯಲ್ಲಿ ಹೊಸ ಸೈಕಲ್ ಬರುವ ರಟ್ಟಿನ ಡಬ್ಬಿ ಕೇಳಿ ತಂದೆ. ಉದ್ದ 140 ಸೆಂಟಿಮೀಟರ್, ಎತ್ತರ 80, ಅಗಲ 22. ಮುಂದಿನ ಚಕ್ರ, ಪೆಡಲ್, ಸೀಟು ಬಿಚ್ಚಿ, ಹ್ಯಾಂಡಲ್ ಕಳಚಿ ಫ್ರೇಮಿನ ಮೇಲಿನ ಕೊಳವೆಗೆ ಕಟ್ಟಿದರೆ ಸೈಕಲ್ ಅದರೊಳಗೆ ಅಚ್ಚುಕಟ್ಟಾಗಿ ಕೂರುತ್ತದೆ. ಹಿಂದಿನ ಚಕ್ರ ಬಿಚ್ಚುವ ಅಗತ್ಯವೇ ಇಲ್ಲ. ರೈಲ್ವೆ ಪಾರ್ಸಲ್ ಆಫೀಸಿನಲ್ಲಿ ಬುಕ್ ಮಾಡಿ ಸಾಮಾನಿನ ಬೋಗಿಯಾದ ಬ್ರೇಕ್‌ವ್ಯಾನಿಗೆ ಹತ್ತಿಸಿದೆವು. ಬೀರೂರು, ಕಡೂರು, ಅರಸೀಕೆರೆ, ರೈಲು ನಿಂತಲ್ಲೆಲ್ಲ ಇಳಿದು ಆ ಡಬ್ಬಿಯ ಮೇಲೆ ಯಾರಾದರೂ ಮೂಟೆ ಹೇರಿದರೇನೋ ಅಂತ ಹಿಂದೆ ಹೋಗಿ ನೋಡಿ ಬರುತ್ತಿದ್ದೆ. ತಿಪಟೂರು ದಾಟಿ ತೆಂಗಿನ ತೋಟಗಳು ಹಿಂದೆ ಸರಿಯತೊಡಗಿದ ಮೇಲೆ ಸ್ವಲ್ಪ ಸಮಾಧಾನವಾಯಿತು.

ತುಮಕೂರಿನಲ್ಲಿ ಇಳಿದಾಗ ಡಬ್ಬಿಗೆ ಒಂದು ಗೀರೂ ಬಿದ್ದಿರಲಿಲ್ಲ. ಹೊರಗೆ ನಾವು ಬಾಡಿಗೆಗೆ ಹೇಳಿದ್ದ ಹಳದಿ ಬೋರ್ಡಿನ ವ್ಯಾಗನಾರ್ ನಿಂತಿತ್ತು. ಡ್ರೈವರ್ ಐವತ್ತು ದಾಟಿದವರು, ಹೆಗಲ ಮೇಲೆ ಟವೆಲ್ಲು. ಡಬ್ಬಿ ನೋಡಿದವರೇ ಕಾರಿನ ಸುತ್ತ ಒಂದು ಸುತ್ತು ಹಾಕಿ ಬಂದರು. "ಸಾರ್, ಫೋನಲ್ಲಿ ಒಂದು ಡಬ್ಬಿ ಅಂದ್ರಲ್ಲ. ನಾನು ಮಿಕ್ಸಿ ಡಬ್ಬಿ ಅನ್ಕೊಂಡಿದ್ದೆ."

ತಪ್ಪು ನನ್ನದೇ. ಡಬ್ಬಿ ಇದೆ ಅಂದಿದ್ದೆ, ಅಳತೆ ಹೇಳಿರಲಿಲ್ಲ. ಇಬ್ಬರೇ ಅಲ್ಲವೇ, ಚಿಕ್ಕ ಕಾರು ಸಾಕು, ಬಾಡಿಗೆಯೂ ಕಡಿಮೆ ಅಂತ ಲೆಕ್ಕ ಹಾಕಿದ್ದೆ. 4 ಮೀಟರ್ ಒಳಗಿನ ಕಾರಿಗೆ ತೆರಿಗೆ ಕಡಿಮೆ ಇರುವುದರಿಂದ ನಮ್ಮ ಚಿಕ್ಕ ಕಾರುಗಳೆಲ್ಲ ಆ ಗೆರೆಯೊಳಗೇ ಮುಗಿಯುತ್ತವೆ, ಕೂರುವ ಜಾಗಕ್ಕೆ ಕೈಹಾಕುವಂತಿಲ್ಲವಾದ್ದರಿಂದ ಕತ್ತರಿ ಬೀಳುವುದು ಡಿಕ್ಕಿಗೆ. ಅವರು ಡಿಕ್ಕಿ ತೆರೆದರು. ಒಳಗೆ ಅಡ್ಡಲಾಗಿ ಮಲಗಿತ್ತು ಸಿಎನ್‌ಜಿ ಸಿಲಿಂಡರ್. ಅದರ ಮುಂದೆ ಉಳಿದ ಜಾಗದಲ್ಲಿ ನಮ್ಮ ಒಂದು ಬ್ಯಾಗು ಹಿಡಿದರೆ ಹೆಚ್ಚು. ಮೇಲೆ ಕ್ಯಾರಿಯರ್ ಇಲ್ಲ.

ಆದರೂ ಒಂದು ಕೈ ನೋಡಿದೆವು. ಹಿಂದಿನ ಬಾಗಿಲಿನಿಂದ ಅಡ್ಡಡ್ಡ ತೂರಿಸಿದರೆ ಒಂದು ಗೇಣಿಗೂ ಹೆಚ್ಚು ಹೊರಗೇ ಉಳಿಯಿತು. ಓರೆ ಮಾಡಿದರೆ ಬಾಗಿಲ ಚೌಕಟ್ಟಿಗೆ ಒತ್ತಿ ರಟ್ಟು ಮಡಚಿಕೊಂಡಿತು. ಒಳಗೆ ಹಿಂದಿನ ಗೇರು ಇರುವ ಮೂಲೆಯದು. ನನ್ನ ಹೊಟ್ಟೆಯಲ್ಲಿ ಸಂಕಟ. ಗೇರು ತೂಗುವ ಆ ಅಲ್ಯೂಮಿನಿಯಂ ತುಂಡು ಸ್ವಲ್ಪ ಬಾಗಿದರೂ ಸಾಕು, ಚೈನು ಹಲ್ಲು ತಪ್ಪುತ್ತದೆ. ಮೂರು ದಿನ ಸೈಕಲ್ ಗೋಡೆಗೆ ಒರಗಿ ನಿಲ್ಲುತ್ತದೆ. "ಸಾಕು ಅಣ್ಣಾ, ಇಳಿಸೋಣ" ಅಂದೆ. ದೊಡ್ಡ ಗಾಡಿ ತರಿಸಲಾ ಅಂತ ಅವರೇ ಕೇಳಿದರು. ಹಬ್ಬದ ದಿನ, ಎರಡು ಕಡೆ ಫೋನ್ ಮಾಡಿದರು, ಸಿಗಲಿಲ್ಲ.

ಆಗ ನನ್ನ ಹೆಂಡತಿ ಹೇಳಿದ್ದು ಇಷ್ಟೇ: "ಹಿಡೀವಲ್ದು ಸೈಕಲ್ಲೋ, ಡಬ್ಬಿನೋ?"

ಟೇಪು ಹಿಡಿದು ಅಳೆಯುವ ಕೆಲಸವನ್ನು ನಾನು ಅಲ್ಲಿಯವರೆಗೆ ಮಾಡಿರಲಿಲ್ಲ. ಲೆಕ್ಕ ಸರಳ. ಟೈರು ಸೇರಿ ನನ್ನ ಚಕ್ರದ ಅಡ್ಡಳತೆ 68 ಸೆಂಟಿಮೀಟರ್. ಅದರಲ್ಲಿ ಅರ್ಧ, 34, ಫ್ರೇಮಿನ ತುದಿಯಿಂದ ಹಿಂದಕ್ಕೆ ಚಾಚಿರುತ್ತದೆ. 140ರಲ್ಲಿ 34 ಕಳೆದರೆ 106. ಬಾಗಿಲಿಂದ ಬಾಗಿಲಿಗೆ ಅಳೆದರೆ ಕಾರಿನೊಳಗೆ 120ಕ್ಕಿಂತ ಜಾಸ್ತಿ ಇತ್ತು. ಹಿಂದಿನ ಚಕ್ರ ಬಿಚ್ಚಿದರೆ ಫ್ರೇಮು ಒಳಗೆ ಬಂದೇ ಬರುತ್ತದೆ.

ಬೇವಿನ ಮರದ ನೆರಳಲ್ಲಿ ಡ್ರೈವರಣ್ಣ ತಮ್ಮ ಟವೆಲ್ಲು ಹಾಸಿದರು. ಬೇಡ, ಗ್ರೀಸ್ ಆಗುತ್ತೆ ಅಂದರೂ ಕೇಳಲಿಲ್ಲ. ಡಬ್ಬಿ ಬಿಚ್ಚಿದೆ. ಹೆಂಡತಿ ಫ್ರೇಮು ಎತ್ತಿ ಹಿಡಿದಳು, ನಾನು ಪೆಡಲ್ ಕೂರುವ ಕ್ರ್ಯಾಂಕು ಕೈಯಲ್ಲಿ ತಿರುಗಿಸುತ್ತ ಚೈನನ್ನು ಅತಿ ಸಣ್ಣ ಹಲ್ಲಿಗೆ ಇಳಿಸಿದೆ. ಯಾಕೆ ಹಾಗೆ ಅಂತ ಅಣ್ಣ ಕೇಳಿದರು. ಚೈನು ಅಲ್ಲಿದ್ದರೆ ಗೇರು ಪೂರ್ತಿ ಹೊರಕ್ಕೆ ಸರಿದು ಚಕ್ರಕ್ಕೆ ದಾರಿ ಬಿಡುತ್ತದೆ, ದೊಡ್ಡ ಹಲ್ಲಿನಲ್ಲಿದ್ದರೆ ಚಕ್ರಕ್ಕೇ ತಗುಲಿಕೊಳ್ಳುತ್ತದೆ ಅಂತ ತೋರಿಸಿದೆ. ಚಕ್ರ ಸಲೀಸಾಗಿ ಕೈಗೆ ಬಂತು. ಆಮೇಲೆ 5 ಮಿಲಿಮೀಟರಿನ ಅಲೆನ್ ಕೀಲಿಯಿಂದ ಗೇರನ್ನೇ ಕಳಚಿ, ಹಳೆಯ ಬನಿಯನ್ನಿನಲ್ಲಿ ಸುತ್ತಿ, ಫ್ರೇಮಿನ ಹಿಂದಿನ ಕೊಳವೆಗಳ ನಡುವೆ ಕಟ್ಟಿದೆ. ಇನ್ನು ಅದು ಬಾಗುವ ಭಯವಿಲ್ಲ.

ಸೀಟಿನ ಮೇಲೆ ಅಡ್ಡ ಮಲಗಿಸಿದರೆ ನಾನು ಕೂರುವುದೆಲ್ಲಿ? ಕಾಲಿಡುವ ಜಾಗದಲ್ಲಿ ನಿಲ್ಲಿಸಿದರೆ ಹಲ್ಲಿನ ಚಕ್ರ ನೆಲಕ್ಕೆ ಊರಿ ಭಾರವೆಲ್ಲ ಅದರ ಮೇಲೆ ಬೀಳುತ್ತಿತ್ತು. ಎರಡು ಸಲ ಇಟ್ಟು ತೆಗೆದೆ. ಅಣ್ಣ ಸುಮ್ಮನೆ ನೋಡುತ್ತಿದ್ದರು. "ತಲೆಕೆಳಗು ಮಾಡಿ ಸಾರ್. ತೊಟ್ಟಿಲು ಸಾಗಿಸೋವಾಗ ಹಂಗೇ ಮಾಡೋದು, ಕಾಲು ಮೇಲೆ." ಸರಿ, ಮಗುಚಿದೆ. ಮೇಲಿನ ಕೊಳವೆ ಟವೆಲ್ಲಿನ ಮೇಲೆ ಕೂತಿತು, ಮುಂದಿನ ಚಕ್ರ ಕೂರುವ ಫೋರ್ಕು ಮೇಲಕ್ಕೆ ಬಂತು, ಹಲ್ಲಿನ ಚಕ್ರ ನನ್ನ ಮೊಣಕಾಲಿನ ಮಟ್ಟಕ್ಕೆ. ಅದಕ್ಕೆ ಪೇಪರ್ ಸುತ್ತಿದೆ. ಮುಂದಿನ ಸೀಟುಗಳನ್ನು ಎರಡು ಕಚ್ಚು ಮುಂದೆ ಎಳೆದಾಗ ಫ್ರೇಮು ಅವುಗಳ ಬೆನ್ನಿಗೆ ಒರಗಿ ಅಲುಗದೆ ನಿಂತಿತು. ಒಂದು ಚಕ್ರ ಸಿಲಿಂಡರಿನ ಮೇಲೆ, ಬ್ಯಾಗು ಅದರ ಮುಂದೆ. ಇನ್ನೊಂದು ನನ್ನ ಮಡಿಲಲ್ಲಿ. ಬ್ರೇಕಿನ ಡಿಸ್ಕಿಗೆ ಏಟು ತಗುಲದಂತೆ ನನ್ನ ಕಡೆ ತಿರುಗಿಸಿ ಹಿಡಿದುಕೊಂಡೆ.

ಖಾಲಿ ಡಬ್ಬಿ ಉಳಿಯಿತು. ವಾಪಸ್ ರೈಲಿಗೆ ಅದು ಬೇಕೇ ಬೇಕು. ಅಣ್ಣ ಅದನ್ನು ಚಪ್ಪಟೆ ಮಾಡಿ ಪಕ್ಕದ ಟೀ ಅಂಗಡಿಯ ಹಿಂದೆ ಇಟ್ಟು ಬಂದರು. ಸಂಜೆ ಮನೆಗೆ ಒಯ್ಯುತ್ತೇನೆ, ಕರೆದೊಯ್ಯಲು ನಾನೇ ಬರ್ತೀನಲ್ಲ, ಆಗ ತರ್ತೀನಿ ಅಂದರು.

ಊರಿನಿಂದ ಬೆಟ್ಟಕ್ಕೆ 15 ಕಿಲೋಮೀಟರ್ ಅಷ್ಟೇ. ಕಾಡು ಶುರುವಾದ ಮೇಲೆ ಅವರು ಪ್ರತಿ ಹಂಪಿನಲ್ಲೂ ಪೂರ್ತಿ ನಿಲ್ಲಿಸಿ ದಾಟಿಸಿದರು. ನಾನು ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಆರಕ್ಕೆ ಸೈಕಲ್ ಜೋಡಿಸಲು ಕೂತರೆ ಮುಂದಿನ ಚಕ್ರ ಹೋಗುತ್ತಿಲ್ಲ. ಬ್ರೇಕಿನ ಎರಡು ಪ್ಯಾಡುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಹಿಂದಿನ ದಿನ ಎತ್ತಿಡುವಾಗ ಬ್ರೇಕು ಒತ್ತಿಬಿಟ್ಟಿದ್ದೆ ಅನ್ನಿಸುತ್ತದೆ. ಎಣ್ಣೆಯ ಒತ್ತಡದ ಬ್ರೇಕಿನಲ್ಲಿ ನಡುವೆ ಡಿಸ್ಕ್ ಇಲ್ಲದಾಗ ಒತ್ತಿದರೆ ಪ್ಯಾಡುಗಳು ಮುಂದೆ ಬಂದು ಅಲ್ಲೇ ನಿಲ್ಲುತ್ತವೆ. ಡಬ್ಬಿಯಲ್ಲಿ ನಡುವೆ ಸಿಕ್ಕಿಸಿದ್ದ ರಟ್ಟಿನ ಚೂರು ಸ್ಟೇಷನ್ನಿನ ಮರದಡಿ ಬಿದ್ದುಹೋಗಿತ್ತು. ಟೈರು ಎಬ್ಬಿಸುವ ಪ್ಲಾಸ್ಟಿಕ್ ಪಟ್ಟಿಯನ್ನು ಚೆನ್ನಾಗಿ ಒರೆಸಿ, ನಡುವೆ ತೂರಿಸಿ, ಕೂದಲೆಳೆ ಕೂದಲೆಳೆಯಾಗಿ ಅಗಲಿಸಿದೆ. ಇಪ್ಪತ್ತು ನಿಮಿಷ ಹಿಡಿಯಿತು. ಗೋಡೆಯ ಮೇಲೆ ಮೂರು ಕೋತಿಗಳು ಕೂತಿದ್ದವು, ಹೆಂಡತಿ ಪಾನಾಗಳ ಚೀಲವನ್ನು ಎದೆಗವಚಿ ಕಾವಲು ನಿಂತಿದ್ದಳು.

ಆಮೇಲೆ ನಾಮದ ಚಿಲುಮೆಗೆ ಇಳಿದೆ. ರಾಮ ಹಣೆಗೆ ನಾಮ ಇಟ್ಟುಕೊಳ್ಳಲು ನೀರಿಗಾಗಿ ಬಾಣ ಬಿಟ್ಟ ಕಡೆ ಅನ್ನುತ್ತಾರೆ. ಬಂಡೆಯ ಗುಂಡಿಯಲ್ಲಿ ನೀರಿತ್ತು. ವಾಪಸ್ ಹತ್ತುವಾಗ ಭೋಗನರಸಿಂಹನ ಗುಡಿಯವರೆಗೆ ಎಲ್ಲೂ ಕಾಲು ಊರಲಿಲ್ಲ. ಗೇರು ಒಂದು ಸಲವೂ ಹಲ್ಲು ತಪ್ಪಲಿಲ್ಲ.

ಹೊರಡುವ ದಿನ ಡ್ರೈವರಣ್ಣ ಅರ್ಧ ಗಂಟೆ ಮೊದಲೇ ಬಂದರು. ಒಗೆದ ಟವೆಲ್ಲು, ಒಂದು ಹೊಸ ಗಮ್ ಟೇಪು. ಡಬ್ಬಿ ಮನೆಯಿಂದ ತಂದು ಟೀ ಅಂಗಡಿಯಲ್ಲಿ ಇಟ್ಟಿದ್ದೀನಿ ಅಂದರು. ನಾನು ಪಾನಾ ಹಿಡಿದು ಬಲಗಡೆ ಪೆಡಲ್ ಬಿಚ್ಚುತ್ತಿದ್ದರೆ ಎಡಗಡೆಯದಕ್ಕೆ ಅವರೇ ಕೈಹಾಕಿದರು. "ಎಡಗಡೆ ಮರೆ ಉಲ್ಟಾ ಅಣ್ಣಾ, ಎರಡನ್ನೂ ಹಿಂದಿನ ಚಕ್ರದ ಕಡೆಗೆ ತಿರುಗಿಸಬೇಕು" ಅಂದೆ. ತಿರುಗಿಸಿದರು, ಸಡಿಲವಾಯಿತು. ನಾನು ಹಿಂದಿನ ಚಕ್ರಕ್ಕೆ ಕೈ ಒಯ್ದೆ.

"ತಡೀರಿ ಸಾರ್," ಅಂದರು, "ಚೈನು ಸಣ್ಣ ಹಲ್ಲಿಗೆ ಹಾಕಿದ್ರಾ?"