ಹತ್ತನೇ ಹೆಸರು

ಬಳ್ಳಾರಿಯ ಕಾರ್ ಸ್ಟ್ರೀಟ್ ಹತ್ತಿರ ಒಂದು ಆಡಿಟರ್ ಆಫೀಸಿನಲ್ಲಿ ನನಗೆ ಕೆಲಸ. ಅಕ್ಕಿ ಮಿಲ್ಲು, ಸ್ಟೀಲ್ ಅಂಗಡಿ, ಜೀನ್ಸ್ ಯೂನಿಟ್, ಬಟ್ಟೆ ಶೋರೂಮು, ಹೀಗೆ ಊರವರ ಲೆಕ್ಕವೆಲ್ಲ ನಮ್ಮ ಟೇಬಲ್ ಮೇಲೆ. 15ನೇ ತಾರೀಖಿನೊಳಗೆ ಪಿಎಫ್, ಇಎಸ್‌ಐ (ಚಿಕಿತ್ಸೆ, ಹೆರಿಗೆ ದುಡ್ಡು ಕೊಡುವ ನೌಕರರ ವಿಮೆ) ಚಲನ್ ಕಟ್ಟಿಸಬೇಕು, 20ಕ್ಕೆ ಜಿಎಸ್‌ಟಿ. ಯಾರ ಹತ್ತಿರ ಎಷ್ಟು ಜನ ಇದ್ದಾರೆ, ಯಾರ ಕೈಗೆ ಎಷ್ಟು ಸಂಬಳ ಬೀಳುತ್ತದೆ ಅನ್ನುವುದು ಕೆಲವು ಸಲ ಮಾಲೀಕರಿಗಿಂತ ನನಗೇ ಚೆನ್ನಾಗಿ ಗೊತ್ತಿರುತ್ತದೆ. ಈ ಕುರ್ಚಿಯಲ್ಲಿ ಕೂತವರ ಕಣ್ಣಿಗೆ ಬೇಗ ಬೀಳುವ ಸಂಖ್ಯೆ ಒಂದಿದೆ: ಒಂಬತ್ತು.

ಹಾಜರಿ ಪುಸ್ತಕದಲ್ಲಿ ಒಂಬತ್ತು ಹೆಸರು. ಅಂಗಡಿಗೆ ಹೋಗಿ ನೋಡಿದರೆ ಹದಿನಾಲ್ಕು ತಲೆ. ಉಳಿದ ಐದು ಮಂದಿ ಮಾಲೀಕರ ಹೆಂಡತಿ ಹೆಸರಿನ ಇನ್ನೊಂದು ಫರ್ಮಿನಲ್ಲಿರುತ್ತಾರೆ, ಇಲ್ಲವೇ ಯಾವ ಪುಸ್ತಕದಲ್ಲೂ ಇರುವುದಿಲ್ಲ. ಯಾವ ಪಾರ್ಟಿ, ಅಂದರೆ ನಮ್ಮ ಯಾವ ಗಿರಾಕಿ, ಅಂತ ಕೇಳಬೇಡಿ, ಹೇಳಿದರೆ ನಾಳೆಯಿಂದ ನನಗೆ ಕೆಲಸ ಇರಲ್ಲ. ಹತ್ತನೇ ಹೆಸರು ಬರೆದರೆ ಇಎಸ್‌ಐ ಬರುತ್ತದೆ. ಹೆರಿಗೆ ರಜೆಯ ಕಾನೂನೂ ಅಂಗಡಿಗಳ ಮಟ್ಟಿಗೆ ಹತ್ತು ಜನರಿಂದಲೇ ಶುರು. ಆ ಹತ್ತನೆಯವಳು ಹೊಸದಾಗಿ ಮದುವೆಯಾದ ಹುಡುಗಿಯಾಗಿದ್ದರಂತೂ ಪೆನ್ನು ಮೇಲೇಳುವುದೇ ಇಲ್ಲ.

ನಮ್ಮ ಆಫೀಸಿನಲ್ಲಿ ಸಾರ್ ಬಿಟ್ಟು ನಾವು ಏಳು ಜನ. ನಮ್ಮಲ್ಲಿ ಯಾವ ಕಳ್ಳಲೆಕ್ಕವೂ ಇಲ್ಲ, ನಿಜವಾಗಿಯೂ ಏಳೇ. ಹಾಗಾಗಿ ಊರವರ ಹೆರಿಗೆ ರಜೆಯ ಕಾಗದಗಳನ್ನೆಲ್ಲ ತಯಾರು ಮಾಡುವ ನನಗೆ, ನನ್ನ ಹೆರಿಗೆ ಬಂದಾಗ, ಯಾವ ಕಾನೂನೂ ಇರಲಿಲ್ಲ.

ಐದು ತಿಂಗಳಾದ ಮೇಲೆ ಸಾರ್‌ಗೆ ಹೇಳಿದೆ. "ಒಳ್ಳೇದವ್ವಾ, ಯಾವಾಗ ಡೇಟು?" ಅಂದರು. ಆಗಸ್ಟ್ ಕೊನೆ ಅಂದೆ. ಅವರ ಕಣ್ಣು ತಾನಾಗಿಯೇ ಗೋಡೆಯ ಕ್ಯಾಲೆಂಡರ್ ಕಡೆ ಹೋಯಿತು. ಜುಲೈ 31ಕ್ಕೆ ರಿಟರ್ನ್ಸ್, ಸೆಪ್ಟೆಂಬರ್ 30ಕ್ಕೆ ಟ್ಯಾಕ್ಸ್ ಆಡಿಟ್. ಆಡಿಟರ್ ಆಫೀಸಿನವರು ಹೆರುವುದಿದ್ದರೆ ಡಿಸೆಂಬರ್‌ನಲ್ಲಿ ಹೆರಬೇಕು. ಸಾರ್ ಒಳ್ಳೆಯವರೇ. ಮೊದಲ ತಿಂಗಳು ಅರ್ಧ ಸಂಬಳ ಕೊಟ್ಟರು, ತೊಟ್ಟಿಲು ಶಾಸ್ತ್ರಕ್ಕೆ ಸಿರುಗುಪ್ಪದ ತನಕ ಕಾರು ಮಾಡಿಕೊಂಡು ಬಂದು ಕವರ್‌ನಲ್ಲಿ ಐದು ಸಾವಿರ ಇಟ್ಟು ಹೋದರು. ಉಳಿದ ರಜೆಗೆಲ್ಲ ಸಂಬಳ ಇಲ್ಲ. ನನಗೆ ಬೇಸರವಾಗಿದ್ದು ಅವರ ಮೇಲಲ್ಲ. ಆ ಅರ್ಧ ಸಂಬಳಕ್ಕೆ ನಾನು ಥ್ಯಾಂಕ್ಸ್ ಹೇಳಬೇಕಾಯಿತಲ್ಲ, ಅದರ ಮೇಲೆ. ಇಎಸ್‌ಐ ಇರುವ ಯೂನಿಟ್ಟಿನ ಟೈಲರ್ ಹುಡುಗಿ ಯಾರಿಗೂ ಥ್ಯಾಂಕ್ಸ್ ಹೇಳಬೇಕಿಲ್ಲ. ಅವಳ ಅಕೌಂಟಿಗೆ ದುಡ್ಡು ಬೀಳುತ್ತದೆ, ಅಷ್ಟೆ.

ನಮ್ಮ ಮನೆಯಲ್ಲೇ ನಾದಿನಿ ಸರ್ಕಾರಿ ಶಾಲೆಯ ಟೀಚರ್. ಅವಳಿಗೆ 180 ದಿನ ಸಂಬಳ ಸಹಿತ ರಜೆ. ಅದು ಮುಗಿದ ಮೇಲೆ ಬೇಕೆಂದರೆ ಶಿಶುಪಾಲನಾ ರಜೆ ಬೇರೆ. ಅವಳ ಮಗುವೂ ನನ್ನ ಮಗುವೂ ಒಂದೇ ಅಜ್ಜಿಯ ಮೊಮ್ಮಕ್ಕಳು. ಅತ್ತೆ ಒಂದು ದಿನ ಕಾಳುಮೆಣಸಿನ ಸಾರು ಬಡಿಸುತ್ತಾ, "ನಿಂಗ್ಯಾಕವ್ವಾ ಇಷ್ಟು ಲಗೂನ ಕರೀತಾರೆ?" ಅಂದರು. ಏನಂತ ಹೇಳಲಿ? ನಮ್ಮ ಕಡೆ ಬಾಣಂತಿ ತವರಿನಿಂದ ವಾಪಸ್ ಬರುವುದು ಐದನೇ ತಿಂಗಳಲ್ಲಿ. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಬಿಸಿನೀರಿನ ಎರೆತ, ಅಂಟಿನುಂಡೆ, ಸಬ್ಬಸಿಗೆ ಸೊಪ್ಪು ಎಲ್ಲಾ ಅಮ್ಮ ನೋಡಿಕೊಳ್ಳುತ್ತಾಳೆ. ಬಾಣಂತಿಗೆ ಐದು ತಿಂಗಳು ಬೇಕು ಅನ್ನುವುದು ನಮ್ಮ ಹಳೇ ಹೆಂಗಸರಿಗೆ ಗೊತ್ತಿತ್ತು. ಆ ಐದು ತಿಂಗಳ ಅಕ್ಕಿ ಬೇಳೆ ಯಾರದು ಅನ್ನುವ ಪ್ರಶ್ನೆಗೆ ಮಾತ್ರ ತವರು ಅನ್ನುವುದೊಂದೇ ಉತ್ತರ. ತವರಿನಲ್ಲಿ ಅಪ್ಪ ಇಲ್ಲದವರು, ತಮ್ಮಂದಿರು ಮುಖ ತಿರುಗಿಸುವವರು ಏನು ಮಾಡಬೇಕು?

ಮಗುವಿಗೆ ಮೂರು ತಿಂಗಳು ತುಂಬುವ ಮೊದಲೇ ಕೆಲಸಕ್ಕೆ ಬಂದೆ. ಹನ್ನೊಂದು ಗಂಟೆಯಾಗುವಷ್ಟರಲ್ಲಿ ಎದೆ ಕಟ್ಟಿಕೊಂಡು ಕಲ್ಲಾಗುತ್ತಿತ್ತು. ನಮ್ಮಲ್ಲಿ ಹಳೇ ಫೈಲುಗಳ ಕೋಣೆ ಒಂದಿದೆ, ಕಿಟಕಿ ಇಲ್ಲ, ಚಿಲಕ ಅರ್ಧ ಮಾತ್ರ ಬೀಳುತ್ತದೆ. ಬಾಗಿಲಿಗೆ ಫೈಲುಗಳ ಗಂಟು ಅಡ್ಡ ಇಟ್ಟು, ಕಪಾಟಿನ ಕಡೆ ಮುಖ ಮಾಡಿ ನಿಂತು, ಸ್ಟೀಲ್ ಲೋಟಕ್ಕೆ ಹಾಲು ಹಿಂಡಿ ಸಿಂಕಿಗೆ ಚೆಲ್ಲುತ್ತಿದ್ದೆ. ಫ್ರಿಜ್ ಇದ್ದಿದ್ದರೆ ಚೆಲ್ಲಬೇಕಿರಲಿಲ್ಲ. ಹೊರಗೆ ಟ್ಯಾಲಿ ಹುಡುಗ ಯಾವುದೋ ಪಾರ್ಟಿಗೆ ಫೋನಿನಲ್ಲಿ ಇನ್‌ವಾಯ್ಸ್ ನಂಬರ್ ಓದಿ ಹೇಳುತ್ತಿರುತ್ತಿದ್ದ. ದುಪಟ್ಟಾ ಎರಡು ಮಡಿಕೆ ಹಾಕಿದರೂ ಮಧ್ಯಾಹ್ನಕ್ಕೆ ಒದ್ದೆ. ಹತ್ತು ಜನ ಇರುವ ಕಡೆ, ಮಗುವಿಗೆ ಹದಿನೈದು ತಿಂಗಳಾಗುವವರೆಗೆ ಹಾಲುಣಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕು ಅಂತ ಕಾನೂನಿನಲ್ಲಿದೆ. 50 ಜನ ಇದ್ದರೆ ಕೂಸು ನೋಡಿಕೊಳ್ಳುವ ಜಾಗವೂ ಇರಬೇಕು. ಇದನ್ನೆಲ್ಲ ನಾನೇ ಪಾರ್ಟಿಗಳಿಗೆ ಪತ್ರದಲ್ಲಿ ಟೈಪ್ ಮಾಡಿ ಕಳಿಸಿದವಳು.

ನಮ್ಮದಕ್ಕಿಂತ ಕಷ್ಟ ನಮ್ಮ ಓಣಿಯಲ್ಲೇ ಇದೆ. ಬಳ್ಳಾರಿ ಜೀನ್ಸ್ ಅಂದರೆ ದೊಡ್ಡ ಹೆಸರು, ಆದರೆ ಆ ಪ್ಯಾಂಟಿನ ಅರ್ಧ ಕೆಲಸ ಆಗುವುದು ಮನೆಗಳಲ್ಲಿ. ಎದುರು ಮನೆಯ ಅಕ್ಕ ಹೊಲಿದು ಬಂದ ಪ್ಯಾಂಟುಗಳ ದಾರ ಕತ್ತರಿಸುತ್ತಾಳೆ. ಪೀಸಿಗೆ ಇಷ್ಟು ಅಂತ ಲೆಕ್ಕ. ವಾಷಿಂಗ್‌ಗೆ ಹೋಗುವ ಮುಂಚಿನ ಮಾಲಾದ್ದರಿಂದ ಬೆರಳು, ಸೆರಗು, ಕೂಸಿನ ಟೋಪಿ ಎಲ್ಲಾ ನೀಲಿ. ಸೀರೆಯ ಜೋಲಿ ಕಟ್ಟಿ, ಅದರ ಹಗ್ಗದ ತುದಿ ಕಾಲ್ಬೆರಳಿಗೆ ಸುತ್ತಿಕೊಂಡು ತೂಗುತ್ತಾ ಕತ್ತರಿ ಆಡಿಸುತ್ತಾಳೆ. ಅವಳಿಗೆ ಹಾಜರಿ ಪುಸ್ತಕವೇ ಇಲ್ಲ, ಹತ್ತನೇ ಹೆಸರು ಎಲ್ಲಿಂದ ಬರಬೇಕು? ಅವಳಿಗೆ ಬಂದದ್ದು ತಾಯಿ ಕಾರ್ಡ್ ತೋರಿಸಿ ಅಂಗನವಾಡಿಯಲ್ಲಿ ಬರೆಸಿದ ಮಾತೃವಂದನಾ ದುಡ್ಡು. ಮೊದಲ ಮಗುವಿಗೆ 5,000, ಎರಡು ಕಂತಿನಲ್ಲಿ. ಎರಡನೆಯದು ಹೆಣ್ಣಾದರೆ 6,000 ಇದೆ. ಬಂದಿದ್ದು ಒಳ್ಳೆಯದೇ, ಬೇಡ ಅನ್ನಲ್ಲ. ಆದರೆ ಅದನ್ನು ಹೆರಿಗೆ ರಜೆಯ ಸಂಬಳ ಅಂತ ಕರೆಯಲು ನನಗೆ ಬಾಯಿ ಬರಲ್ಲ.

ಈಗ ಮಾಲೀಕರ ವಿಷಯ. ನಮ್ಮ ಪಾರ್ಟಿಗಳು ಅಕೌಂಟ್ಸ್‌ಗೆ ಜನ ಬೇಕು ಅಂತ ನಮ್ಮನ್ನೇ ಕೇಳುತ್ತಾರೆ. "ಹೆಣ್ಮಕ್ಕಳಾದ್ರೆ ಮಕ್ಕಳು ದೊಡ್ಡವರಾಗಿರೋರು ಇದ್ರೆ ಹೇಳಮ್ಮ" ಅನ್ನುವುದು ಖಾಯಂ ಮಾತು. ಕೇಳಿದಾಗ ಮೈ ಉರಿಯುತ್ತದೆ. ಆದರೆ ನಾನು ಲೆಕ್ಕದವಳು, ಅವರ ಲೆಕ್ಕವೂ ನನಗೆ ಕಾಣುತ್ತದೆ. 1961ರ ಕಾನೂನಿನಲ್ಲಿ ರಜೆ 12 ವಾರ ಇತ್ತು. 2017ರ ಏಪ್ರಿಲ್‌ನಿಂದ, ಮೊದಲ ಎರಡು ಮಕ್ಕಳಿಗೆ, 26 ವಾರ ಆಯಿತು. ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. ಒಳ್ಳೆಯ ಕಾನೂನು. ಆದರೆ ಇಎಸ್‌ಐ ಕಟ್ಟದ ಕಡೆ, ಅಥವಾ ಸಂಬಳ 21,000 ದಾಟಿ ಅದರೊಳಗೆ ಬರದವಳಾದರೆ, ಆ 26 ವಾರದ ಸಂಬಳವನ್ನು ಪೂರ್ತಿ ಕೊಡಬೇಕಾದವನು ಅದೇ ಮಾಲೀಕ. ಜೊತೆಗೆ ಅವಳ ಜಾಗಕ್ಕೆ ಬಂದವರಿಗೂ ಕೊಡಬೇಕು. ದೊಡ್ಡ ಕಂಪನಿಗೆ ಇದು ಲೆಕ್ಕಕ್ಕಿಲ್ಲ. ಹನ್ನೆರಡು ಜನರನ್ನು ಇಟ್ಟುಕೊಂಡ ಅಂಗಡಿಯವನು ಹೆಣ್ಣುಮಕ್ಕಳನ್ನೇ ತೆಗೆದುಕೊಳ್ಳದೆ ತಪ್ಪಿಸಿಕೊಳ್ಳುತ್ತಾನೆ.

ಅದೇ ಹುಡುಗಿ ಇಎಸ್‌ಐನಲ್ಲಿದ್ದರೆ ನೋಡಿ. 12,000 ಸಂಬಳ ಅಂದುಕೊಳ್ಳಿ. ಮಾಲೀಕ ಕಟ್ಟುವುದು 3.25 ಪರ್ಸೆಂಟ್, ಅಂದರೆ ತಿಂಗಳಿಗೆ 390 ರೂಪಾಯಿ. ಅವಳಿಗೆ ಕಟ್ ಆಗುವುದು 90. ಹೆರಿಗೆಗೆ 26 ವಾರ, ಹತ್ತಿರ ಹತ್ತಿರ 72 ಸಾವಿರ, ಕೊಡುವುದು ಇಎಸ್‌ಐ. ಮಾಲೀಕನ ಗಲ್ಲಾಪೆಟ್ಟಿಗೆಯಿಂದ ಒಂದು ರೂಪಾಯಿ ಹೋಗಲ್ಲ. ಅವನು ಗಂಡಸರ ಹೆಸರಿನಲ್ಲೂ ಅಷ್ಟೇ ಕಟ್ಟುತ್ತಾನಾದ್ದರಿಂದ ಹುಡುಗಿ ಬಂದಳೆಂದು ಅವನಿಗೆ ಸಂಬಳದ ಹೊರೆ ಹೆಚ್ಚಾಗಲ್ಲ.

ಇದು ಬರೀ ಪುಸ್ತಕದ ಲೆಕ್ಕ ಅಲ್ಲ. ಒಂದು ಶೋರೂಮಿನ ಸೇಲ್ಸ್ ಹುಡುಗಿಗೆ ಮೂರನೇ ತಿಂಗಳಲ್ಲಿ ಗರ್ಭ ಇಳಿದುಹೋಯಿತು. ವಾರ ತುಂಬುವ ಮೊದಲೇ ಕೌಂಟರಿಗೆ ಬಂದು ನಿಂತಿದ್ದಳು. ಬಿಲ್ ತರಲು ಹೋದ ನಮ್ಮ ಹುಡುಗ ಬಂದು ಹೇಳಿದ. ನಾನು ಮಾಲೀಕರಿಗೆ ಫೋನ್ ಮಾಡಿ, "ಸಾರ್, ಇದಕ್ಕೂ ಆರು ವಾರ ಸಂಬಳದ ರಜೆ ಐತೆ" ಅಂದೆ. "ಮಗು ಆಗ್ಲೇ ಇಲ್ವಲ್ಲಮ್ಮ" ಅಂದರು. ನಾನು ಸುಮ್ಮನಿದ್ದೆ. ಆಮೇಲೆ, "ನೀವು ಕೊಡೋದೇನಿಲ್ಲ ಸಾರ್, ಇಎಸ್‌ಐನವರು ಕೊಡ್ತಾರೆ, ಕಾಗದ ನಾನು ಮಾಡ್ತೀನಿ" ಅಂದೆ. "ಹೌದಾ! ಮೊದ್ಲೇ ಹೇಳ್ಬಾರ್ದಾ, ಪಾಪ, ಮನೀಗೆ ಕಳಿಸ್ತೀನಿ ಬಿಡು" ಅಂದರು. ಅದೇ ಮನುಷ್ಯ, ಅದೇ ಫೋನು. ಅವರ ಪಾಪ ನಾಟಕದ್ದಲ್ಲ, ನಿಜವಾದದ್ದೇ. ಜೇಬು ತಮ್ಮದಲ್ಲ ಅಂತ ಗೊತ್ತಾದ ಮೇಲೆ ಹೊರಗೆ ಬಂತು.

ನಾನು ಹೇಳುತ್ತಿರುವುದು ಹೊಸದೇನಲ್ಲ. 1928ರಲ್ಲಿ ಬಾಂಬೆ ಶಾಸನ ಸಭೆಯಲ್ಲಿ ಹೆರಿಗೆ ಭತ್ಯೆಯ ಮಸೂದೆ ಬಂದಾಗ ಅಂಬೇಡ್ಕರ್ ಅದನ್ನು ಬೆಂಬಲಿಸಿ ಮಾತಾಡಿದ್ದರು. ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ, ಆದ್ದರಿಂದ ಭಾರವನ್ನು ಬಹುಪಾಲು ಸರ್ಕಾರವೇ ಹೊರಬೇಕು ಅನ್ನುವುದನ್ನು ಅವರು ಅಲ್ಲಿ ಒಪ್ಪಿಕೊಂಡೇ ಮಾತಾಡಿದ್ದು. ಮರುವರ್ಷ ಬಾಂಬೆಯಲ್ಲಿ ಕಾನೂನು ಬಂತು. 2018ರಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯ ಏಳು ವಾರದ ಸಂಬಳವನ್ನು ಮಾಲೀಕರಿಗೆ ಸರ್ಕಾರವೇ ವಾಪಸ್ ಕೊಡುವ ಮಾತಾಡಿತು. ನಮ್ಮ ಪಾರ್ಟಿಗಳು ತಿಂಗಳುಗಟ್ಟಲೆ "ಅದು ಬಂತಾ, ಬಂತಾ" ಅಂತ ಕೇಳಿದರು. ಬರಲಿಲ್ಲ.

2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂತು. ಹೆರಿಗೆ ಕಾನೂನೂ ಇಎಸ್‌ಐ ಕಾನೂನೂ ಅದರೊಳಗೆ ಸೇರಿಕೊಂಡವು. ಹತ್ತರ ಗೆರೆ ಅಲ್ಲಿಯೂ ಇದೆ. ಆದರೆ ಓದುತ್ತಾ ಹೋದರೆ ಮೊದಲ ಸೆಕ್ಷನ್‌ನಲ್ಲೇ ಒಂದು ಸಂದು ಸಿಗುತ್ತದೆ: ಹತ್ತಕ್ಕಿಂತ ಕಡಿಮೆ ಜನರಿದ್ದರೂ ಮಾಲೀಕರೂ, ನೌಕರರಲ್ಲಿ ಹೆಚ್ಚಿನವರೂ ಒಪ್ಪಿದರೆ ಇಎಸ್‌ಐಗೆ ಸೇರಬಹುದು. ಅದನ್ನು ಪ್ರಿಂಟ್ ತೆಗೆದು ಸಾರ್ ಟೇಬಲ್ ಮೇಲಿಟ್ಟೆ. ನಮ್ಮಲ್ಲಿ ಇಬ್ಬರಿಗೆ ಸಂಬಳ 21,000 ದಾಟುತ್ತದೆ, ಅವರು ಇದರೊಳಗೆ ಬರಲ್ಲ. ಉಳಿದ ಐವರ ಸಂಬಳ ಒಟ್ಟು 70,000. ಸಾರ್ ಕಟ್ಟಬೇಕಾದ್ದು ತಿಂಗಳಿಗೆ 2,275 ರೂಪಾಯಿ. ಅವರು ಕನ್ನಡಕ ಮೇಲೇರಿಸಿ ಎರಡು ಸಲ ಓದಿದರು. "ನಂದೇನಿಲ್ಲವ್ವಾ, ಎಲ್ಲರ ಸಹಿ ತಗೊಂಡು ಬಾ" ಅಂದರು.

ನನಗೆ ಇನ್ನು ಇದರಿಂದ ಆಗಬೇಕಾದ್ದು ಕಡಿಮೆ. ಆದರೆ ನನ್ನ ಪಕ್ಕದ ಕುರ್ಚಿಯ ಹುಡುಗಿಗೆ ಮೊನ್ನೆ ಮದುವೆಯಾಗಿದೆ. ಹೆರಿಗೆ ದುಡ್ಡು ಸಿಗಬೇಕಾದರೆ ಹಿಂದಿನ ಆರಾರು ತಿಂಗಳ ಎರಡು ಅವಧಿಗಳಲ್ಲಿ 70 ದಿನದ ಇಎಸ್‌ಐ ಕಟ್ ಆಗಿರಬೇಕು. ಬಸುರಿಯಾದ ಮೇಲೆ ಓಡಿಹೋಗಿ ಸೇರಿದರೆ ಲೆಕ್ಕ ಕೂಡಿಬರುವುದು ಕಷ್ಟ. ಹಾಗಾಗಿ ನನಗೆ ಅವಸರ. ಅವಳಿಗೆ ಇಲ್ಲ, ನಗುತ್ತಾಳೆ.

ಏಳರಲ್ಲಿ ಬಹುಮತಕ್ಕೆ ನಾಲ್ಕು ಸಹಿ ಬೇಕು. ನಂದು, ಅವಳದು, ಆಫೀಸ್ ಬಾಯ್‌ದು ಆಗಿವೆ. 21,000 ದಾಟಿದ ಇಬ್ಬರು "ನಮಗ್ಯಾಕೆ?" ಅಂತ ಕೂತಿದ್ದಾರೆ. ಇನ್ನೊಬ್ಬರು ಮನೆಯಲ್ಲಿ ಕೇಳಿ ಹೇಳುತ್ತಾರಂತೆ. ಟ್ಯಾಲಿ ಹುಡುಗ ಕಾಗದ ಹಿಂದೆ ಮುಂದೆ ತಿರುಗಿಸಿ, "ಅಕ್ಕ, ಇದ್ರಾಗೆ ನಮ್ಮಪ್ಪನ ಮೊಣಕಾಲಿಗೂ ತೋರಿಸ್ಬಹುದಾ?" ಅಂದ. ಅಪ್ಪ ನಿನ್ನ ದುಡಿಮೆ ಮೇಲೇ ಇದ್ದರೆ ತೋರಿಸಬಹುದು ಕಣೋ ಅಂದೆ. ಪೆನ್ನು ಕೇಳಿದ.