ಭೂತಾನ್‌ಗೆ ಹೋಗೋ ಪ್ಲ್ಯಾನ್ ಇದ್ರೆ ಫೋಬ್ಜಿಕಾ ಬಿಡ್ಬೇಡಿ

ಮೊದಲು ದುಡ್ಡಿನ ವಿಷಯ ಹೇಳ್ಬಿಡ್ತೀನಿ. ಭಾರತೀಯರು ತಲೆಗೆ ಒಂದು ರಾತ್ರಿಗೆ 1200 ರೂಪಾಯಿ ಎಸ್‌ಡಿಎಫ್ (ಪ್ರವಾಸಿಗರು ಕಟ್ಟೋ ಶುಲ್ಕ) ಅಂತ ಅಲ್ಲಿನ ಸರ್ಕಾರಕ್ಕೆ ಕಟ್ಬೇಕು, 6ರಿಂದ 12 ವರ್ಷದ ಮಕ್ಕಳಿಗೆ ಅರ್ಧ. ಹೋಟ್ಲು, ಗಾಡಿ, ಊಟ ಎಲ್ಲಾ ಬೇರೆ. ಅದಕ್ಕೇ ತುಂಬಾ ಜನ ಥಿಂಪು, ಪಾರೋ ನೋಡ್ಕೊಂಡು ಗಡಿಬಿಡಿಲಿ ವಾಪಸ್ ಬರ್ತಾರೆ. ನಾನು ಹೇಳೋದಾದ್ರೆ ಶಾಪಿಂಗ್ ಕಮ್ಮಿ ಮಾಡಿ, ಆದ್ರೆ ಚಳಿಗಾಲಕ್ಕೆ ಕ್ರೌಂಚ ಪಕ್ಷಿಗಳು ಬರೋ ಫೋಬ್ಜಿಕಾ ಕಣಿವೇಲಿ ಒಂದು ರಾತ್ರಿ ಆದ್ರೂ ಉಳ್ಕೊಳ್ಳಿ.

ಬೆಂಗಳೂರಿಂದ ಬಾಗ್ಡೋಗ್ರಾಗೆ ಫ್ಲೈಟು, ಅಲ್ಲಿಂದ ಕ್ಯಾಬಲ್ಲಿ ನಮ್ಮ ಗಡಿ ಊರು ಜೈಗಾಂವ್, ಗೇಟ್ ದಾಟಿದ್ರೆ ಭೂತಾನಿನ ಫುಂಟ್‌ಶೋಲಿಂಗ್. ಪಾಸ್‌ಪೋರ್ಟ್ ಇಲ್ಲಾ ವೋಟರ್ ಐಡಿ ಒರಿಜಿನಲ್ ಬೇಕೇ ಬೇಕು, ಆಧಾರ್ ನಡೆಯಲ್ಲ, ಮಕ್ಕಳದ್ದು ಬರ್ತ್ ಸರ್ಟಿಫಿಕೇಟ್ ಇಟ್ಕೊಳ್ಳಿ. ಅಲ್ಲಿನ ಟೈಮು ನಮಗಿಂತ ಅರ್ಧ ಗಂಟೆ ಮುಂದೆ. ಅವರ ದುಡ್ಡು ಙುಲ್ಟ್ರಂ ನಮ್ಮ ರೂಪಾಯಿಗೆ ಸಮ, 100ರ ನೋಟು ಜಾಸ್ತಿ ಇದ್ರೆ ಒಳ್ಳೇದು.

ಪಾರೋದ ಟೈಗರ್ಸ್ ನೆಸ್ಟ್ ಅನ್ನೋ ಬೌದ್ಧ ಮಠ ಹತ್ರತ್ರ 10,000 ಅಡಿ ಎತ್ತರದಲ್ಲಿದೆ, ಅದನ್ನ ಟ್ರಿಪ್ಪಿನ ಕೊನೇಗೆ ಇಟ್ಕೊಳ್ಳಿ, ಅಷ್ಟೊತ್ತಿಗೆ ಮೈ ಆ ಹವಾಕ್ಕೆ ಒಗ್ಗಿರತ್ತೆ. ಕುದುರೆ ಅರ್ಧ ದಾರಿ ಮಾತ್ರ, ಮುಂದೆ ಮೆಟ್ಲು ಇಳಿದು ಮತ್ತೆ ಹತ್ಬೇಕು, ಮಂಡಿನೋವು ಇರೋ ದೊಡ್ಡವರು ಕೆಫೆಟೇರಿಯಾದಲ್ಲೇ ಕೂತು ನೋಡಿದ್ರೂ ಕಣ್ತುಂಬ ಕಾಣತ್ತೆ.

ಫೋಬ್ಜಿಕಾಗೆ ಹೋಗೋ ದಾರಿ ಉದ್ದಕ್ಕೂ ಕಾಡೇ ಕಾಡು. ದೇಶದ 60 ಪರ್ಸೆಂಟ್ ನೆಲ ಯಾವಾಗ್ಲೂ ಕಾಡಾಗಿಯೇ ಇರ್ಬೇಕು ಅಂತ ಅವರ ಸಂವಿಧಾನದಲ್ಲೇ ಬರ್ದಿದೆ, ಈಗ ಅದಕ್ಕಿಂತ ಜಾಸ್ತೀನೇ ಇದೆ. ಪಶ್ಚಿಮ ಘಟ್ಟದಲ್ಲಿ ಮರ ಬೀಳೋದನ್ನ ನೋಡ್ಕೊಂಡೇ ಬೆಳೆದ ನನಗೆ ಹೊಟ್ಟೆಕಿಚ್ಚಾಯ್ತು. ಆ ಕಾಡು, ನದಿಗಳೇ ಅವರ ಸಂಪಾದನೆ ಕೂಡ, ಚುಖಾ, ತಾಲಾ ಥರದ ಜಲವಿದ್ಯುತ್ ಪ್ರಾಜೆಕ್ಟ್‌ಗಳ ಕರೆಂಟನ್ನ ಭಾರತಕ್ಕೆ ಮಾರ್ತಾರೆ, ಚಳಿಗಾಲದಲ್ಲಿ ನೀರು ಇಳಿದಾಗ ಅವರೇ ನಮ್ಮಿಂದ ಕರೆಂಟ್ ತಗೊಳ್ಳೋದೂ ಇದೆ. ಓದು, ಆಸ್ಪತ್ರೆ ಜನಕ್ಕೆ ಫ್ರೀ. ಆದ್ರೆ ಓದಿದ ಹುಡುಗ್ರಿಗೆ ಕೆಲಸ ಸಾಕಾಗ್ತಿಲ್ಲ, ಆಸ್ಟ್ರೇಲಿಯಾಗೆ ಹೋಗೋರು ತುಂಬಾ ಜನ. ನಮ್ಮ ಡ್ರೈವರಣ್ಣನ ತಂಗೀನೂ ಪರ್ತ್‌ನಲ್ಲಿದ್ದಾಳಂತೆ, ಅಮ್ಮ ದಿನಾ ವಿಡಿಯೋ ಕಾಲ್‌ಗೆ ಕಾಯ್ತಾರೆ ಅಂತ ಹೇಳಿ ಸುಮಾರು ದೂರ ಮಾತಾಡ್ಲಿಲ್ಲ.

ಫೋಬ್ಜಿಕಾ ಅಗಲವಾದ ಕಣಿವೆ, ನಡುವೆ ಜೌಗು ನೆಲ, ಅಂಚಲ್ಲಿ ಆಲೂಗಡ್ಡೆ ಹೊಲ. ಆ ಆಲೂಗಡ್ಡೆ ಫುಂಟ್‌ಶೋಲಿಂಗ್ ಹರಾಜಿಗೆ ಬಂದು ಅಲ್ಲಿಂದ ನಮ್ಮ ಕಡೆಗೂ ಬರತ್ತೆ. ಚಳಿಗಾಲಕ್ಕೆ ಟಿಬೆಟ್ ಕಡೆಯಿಂದ ಕಪ್ಪು ಕತ್ತಿನ ಕ್ರೌಂಚ ಪಕ್ಷಿಗಳು ಬರ್ತವೆ, ಅವುಗಳಿಗೆ ಅಡ್ಡ ಆಗ್ಬಾರ್ದು ಅಂತ ಕರೆಂಟ್ ವೈರನ್ನ ನೆಲದಡಿ ಹಾಕಿದಾರೆ. ಬೆಳಿಗ್ಗೆ ಹಿಮ ಇನ್ನೂ ಹುಲ್ಲಿನ ಮೇಲಿರೋವಾಗ್ಲೇ ಅವು ಕೂಗೋದು ಕೇಳ್ಸತ್ತೆ. ಹತ್ರ ಹೋಗ್ಬೇಡಿ, ಡ್ರೋನ್ ಅಂತೂ ತರ್ಲೇಬೇಡಿ, ಬೈನಾಕ್ಯುಲರ್ ಸಾಕು.

ಉಳ್ಕೊಳ್ಳೋಕೆ ಹೋಮ್‌ಸ್ಟೇನೇ ಚೆಂದ, ಬುಖಾರಿ ಒಲೆ ಸುತ್ತ ಎಲ್ಲರೂ ಕೂರ್ತಾರೆ, ಎಮಾ ದಾತ್ಶಿ ಬಡಿಸ್ತಾರೆ. ಅದು ಚೀಸ್ ಹಾಕಿ ಮಾಡೋದು, ಅದ್ರಲ್ಲಿ ಮೆಣಸಿನಕಾಯಿನೇ ತರಕಾರಿ, ಖಾರ ಕಮ್ಮಿ ಬೇಕಂದ್ರೆ ಮುಂಚೇನೇ ಹೇಳ್ಬಿಡಿ. ಇನ್ನೊಂದು ವೆಜ್ ಅಡುಗೆ ಬೇಕಂದ್ರೆ ಕೇವಾ ದಾತ್ಶಿ ಕೇಳಿ, ಆಲೂಗಡ್ಡೆ ಚೀಸ್‌ದು. ನವೆಂಬರ್ 11ಕ್ಕೆ ಅಲ್ಲಿನ ಬೌದ್ಧ ಮಠ ಗಾಂಗ್‌ಟೇ ಗೊಂಪಾದಲ್ಲಿ ಕ್ರೌಂಚ ಹಬ್ಬ ಇರತ್ತೆ, ಆಗ ಹೋಗೋದಾದ್ರೆ ರೂಮು ಎರಡು ತಿಂಗಳು ಮೊದಲೇ ಹಿಡ್ಕೊಳ್ಳಿ, ದಪ್ಪ ಜಾಕೆಟ್ಟೂ ಬೇಕು.